ಕ್ಲಾಷ್ ರಾಯಲ್: ಕೂಲಿಗೆ ತಕ್ಕ ಕೆಲಸ ಮಾಡುವವರು ಯಾರು?

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಮೊಬೈಲ್ ಹಿಡಿದು ಕೂತ ಹುಡುಗರಿಗೆ ಕ್ಲಾಷ್ ರಾಯಲ್ ಆಟದಲ್ಲಿ ಒಳ್ಳೆ ಕಾರ್ಡ್ ಯಾವುದಂತ ಕೇಳ್ರಿ, ಮೆಗಾ ನೈಟ್ ಅಂತಾರ. ಕಾರ್ಡ್ ಇಳಿಸಿದರೆ ಆಳುಗಳು, ಕಟ್ಟಡ ಇಲ್ಲವೆ ಮಂತ್ರ ಮೈದಾನಕ್ಕೆ ಬರುತ್ತವೆ; ಎದುರಿನವನ ಟವರು ಕೆಡವುವುದೇ ಆಟ. ಕೂಲಿಗೆ ತಕ್ಕ ಕೆಲಸ ಮಾಡುವ ಕಾರ್ಡುಗಳ ನನ್ನ ಪಟ್ಟಿಯಲ್ಲಿ ಮೆಗಾ ನೈಟ್ ಜಾಗ ಭಾಳ ಕೆಳಗೆ. ಕಾರ್ಡ್ ಇಳಿಸಲು ಖರ್ಚಾಗುವ, ತಾನಾಗಿ ಮತ್ತೆ ತುಂಬುವ ಎಲಿಕ್ಸಿರ್ ಅಂದರೆ ಕೂಲಿ. ಅವನಿಗೆ 7 ಕೊಡಬೇಕು. ಮೊದಲ ಎರಡು ನಿಮಿಷ 1 ಎಲಿಕ್ಸಿರ್ ತುಂಬಲು 2.8 ಸೆಕೆಂಡ್ ಹಿಡಿಯುತ್ತದೆ, ಅಂದರೆ ಆ 7 ಮರಳಿ ಬರಲು ಸುಮಾರು 20 ಸೆಕೆಂಡ್. ಎದುರಿನವ 3 ಎಲಿಕ್ಸಿರಿನ ನೈಟ್‌ನನ್ನು ಅಡ್ಡ ನಿಲ್ಲಿಸಿ, 3 ಎಲಿಕ್ಸಿರಿನ ಹಾರುವ ಮಿನಿಯನ್ಸ್ ಇಳಿಸಿದರೆ ಟವರಿನ ಬೆಂಬಲದಿಂದ ಮೆಗಾ ನೈಟ್ ಅಲ್ಲೇ ಮುಗಿಯುತ್ತಾನೆ. ಹಾರುವವರನ್ನು ಅವನು ಹೊಡೆಯಲಾರ, ಕೆಳಗೇ ಗುದ್ದಾಡುತ್ತಿರುತ್ತಾನೆ.

ಮೊದಲ ಸ್ಥಾನ ಅದೇ ಬಡಪಾಯಿ ನೈಟ್‌ಗೆ. ಕಾಮನ್ ಕಾರ್ಡ್ ಆದ್ದರಿಂದ ಧಾರಾಳ ಸಿಗುತ್ತದೆ, ಲೆವೆಲ್ ಬೇಗ ಏರುತ್ತದೆ. ಕೆಳಗಿನ ಲೆವೆಲ್ಲಿನ ಅಪರೂಪದ ಲೆಜೆಂಡರಿ ಕಾರ್ಡಿಗಿಂತ ಮೇಲಿನ ಲೆವೆಲ್ಲಿನ ಕಾಮನ್ ಕಾರ್ಡೇ ಹೆಚ್ಚು ಆಟ ಗೆಲ್ಲಿಸುತ್ತದೆ. ಹೊಸ ಕಾರ್ಡ್ ಸಿಕ್ಕಾಗೆಲ್ಲ ಅದಕ್ಕೆ ಗೋಲ್ಡ್ ಸುರಿಯುವವರು ಸಿಕ್ಕಿಬೀಳುವುದು ಇಲ್ಲೇ. ಎಂಟೇ ಕಾರ್ಡ್ ಆರಿಸಿಕೊಂಡು ಅವನ್ನೇ ಏರಿಸ್ರಿ.

ಎರಡನೆಯವಳು ಮಸ್ಕೆಟೀರ್, 4 ಎಲಿಕ್ಸಿರ್. ದೂರದಿಂದಲೇ ನೆಲದವರನ್ನೂ ಹಾರುವವರನ್ನೂ ಹೊಡೆಯುತ್ತಾಳೆ. ಅವಳನ್ನು ಟವರಿಗೆ ಅಂಟಿಸಿ ಇಳಿಸಬಾರದು, ಒಂದೇ ಫೈರ್‌ಬಾಲ್ ಮಂತ್ರ ಅವಳನ್ನೂ ಟವರನ್ನೂ ಸುಡುತ್ತದೆ. ಸಾಕಷ್ಟು ದೂರ ಇಳಿಸಿದರೆ ಎದುರಿನವ ಒಂದನ್ನೇ ಆರಿಸಬೇಕಾಗುತ್ತದೆ.

ದಾಳಿಗೆ ಹಾಗ್ ರೈಡರ್, ಇದೂ 4. ಮೈದಾನದ ನಡುವಿನ ನದಿ ಹಾರಿ ಸೀದಾ ಟವರಿಗೇ ಹೋಗುತ್ತಾನೆ. ಆದರೆ ಎದುರಿನವನ ಕೈಯಲ್ಲಿ ಕ್ಯಾನನ್ (ಗುಂಡು ಹಾರಿಸುವ ತೋಪು) ಇದ್ದಾಗ ಹಾಗ್‌ನನ್ನು ಇಳಿಸಿದರೆ ದಂಡ. ಎರಡು ಟವರುಗಳ ನಡುವೆ, ನದಿಯಿಂದ ಕೆಲವು ಚೌಕ ಒಳಗೆ ಕ್ಯಾನನ್ ಕೂತರೆ ಹಾಗ್ ಅದರ ಕಡೆಗೇ ತಿರುಗುತ್ತಾನೆ, ಆಗ ಎರಡೂ ಟವರು ಅವನಿಗೆ ಹೊಡೆಯುತ್ತವೆ. ಎದುರಿನವನ ಎಂಟು ಕಾರ್ಡ್ ಒಂದು ಸುತ್ತು ನೋಡಿ, ಕ್ಯಾನನ್ ಖರ್ಚಾದ ಮೇಲೆ ಬಿಡ್ರಿ.

ಸ್ಕೆಲಿಟನ್ಸ್ ಬಗ್ಗೆ ಜನರಿಗೆ ಯಾಕೋ ತಾತ್ಸಾರ. 1 ಎಲಿಕ್ಸಿರಿಗೆ ಮೂವರು! 5 ಎಲಿಕ್ಸಿರಿನ ಪ್ರಿನ್ಸ್ ಕುದುರೆ ಓಡಿಸಿಕೊಂಡು ಬರುವಾಗ ಎದುರಿಗೆ ಎಸೆದರೆ ಅವನ ದುಪ್ಪಟ್ಟು ಹೊಡೆತ ಒಂದು ಎಲುಬಿನ ಗೂಡಿನ ಮೇಲೆ ವ್ಯರ್ಥವಾಗುತ್ತದೆ.

ವಾಲ್ಕಿರಿ ಐದನೆಯ ಸ್ಥಾನಕ್ಕೆ ಸಾಕು. ವಿಚ್‌ಗೆ 5 ಕೊಡುವುದು ದುಬಾರಿ: ವಾಲ್ಕಿರಿ 4ಕ್ಕೇ ಅವಳನ್ನೂ ಅವಳ ಎಲುಬಿನ ಪಡೆಯನ್ನೂ ಗುಡಿಸಿ ಹಾಕುತ್ತಾಳೆ.

ಇದೆಲ್ಲ ವೈಫೈ ಗಟ್ಟಿಯಿದ್ದಾಗಿನ ಲೆಕ್ಕ. ಓಡುವ ಬಸ್ಸಿನಲ್ಲಿ ಮೊಬೈಲ್ ಸಿಗ್ನಲ್ ಏರುಪೇರಾದರೆ ಇಳಿಸಿದ ಕಾರ್ಡ್ ತಡವಾಗಿ ಇಳಿಯುತ್ತದೆ. ಟವರಿನ ಮೇಲೆ ಗಾಬ್ಲಿನ್‌ಗಳನ್ನು ಸುರಿಯುವ ಗಾಬ್ಲಿನ್ ಬ್ಯಾರಲ್‌ಗೆ ಲಾಗ್ (ಮರದ ದಿಮ್ಮಿ) ಉರುಳಿಸುವ ಹೊತ್ತು ತಪ್ಪುತ್ತದೆ, ನಿಮ್ಮ ಕ್ಯಾನನ್ ಇಳಿಯುವಷ್ಟರಲ್ಲಿ ಎದುರಿನವನ ಹಾಗ್ ಟವರು ಸೇರಿರುತ್ತಾನೆ. ಅಂಥಲ್ಲಿ ದಾಳಿಗೆ ಹಾಗ್ ಬದಲು 5 ಎಲಿಕ್ಸಿರಿನ ಜಯಂಟ್ ಇಟ್ಟುಕೊಳ್ರಿ. ಹಿಂದಿನಿಂದ ನಿಧಾನ ನಡೆಯುವವ, ಅರ್ಧ ಸೆಕೆಂಡ್ ಆಚೀಚೆ ಆದರೆ ಅವನಿಗೇನೂ ಬಾಧೆಯಿಲ್ಲ.