ಸವಾರೊ ಸಸಿ: ನೊರಜಿನ ಕಾಟಕ್ಕೆ ಕಡೆಗೂ ಮದ್ದು ಸಿಕ್ಕಿತು

ತಟ್ಟೆಯಲ್ಲಿ ಸವಾರೊ ಎಂಬ ಮರದೆತ್ತರದ ಮರುಭೂಮಿ ಕಳ್ಳಿಯ ಸಸಿಗಳು ನೆಟ್ಟಗೆ ನಿಂತಿವೆ! ಹಣ್ಣು ಪಕ್ಕದ ಮನೆಯವರ ಅಂಗಳದ್ದು, ಕೇಳಿ ಪಡೆದದ್ದು. ಒಂದೊಂದು ಹಣ್ಣಿನಲ್ಲೂ ಸುಮಾರು 2,000 ಬೀಜಗಳಿರುವುದರಿಂದ ಬಿತ್ತನೆಗೆ ಬರವಿಲ್ಲ.

ಹಿಂದಿನ ಬಿತ್ತನೆಗಳಲ್ಲಿ, ತೇವ ಆರದಂತೆ ಮುಚ್ಚಿದ ಚೀಲದಲ್ಲಿಟ್ಟು ಮೊಳೆಸಿದ ತಟ್ಟೆಯನ್ನು ಹೊರತೆಗೆದ ಮೇಲೆ ಪೀಡೆ ಶುರುವಾಗುತ್ತಿತ್ತು. ಸಾಸಿವೆ ಕಾಳಿನಷ್ಟಿದ್ದ ಸಸಿಗಳು ಬುಡ ಕರಗಿ ಒಂದರ ಹಿಂದೊಂದು ಮಲಗುತ್ತಿದ್ದವು. ಶಿಲೀಂಧ್ರಕ್ಕೆಂದು ದಾಲ್ಚಿನ್ನಿ ಪುಡಿ ಉದುರಿಸಿದರೂ, ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿದರೂ ಸಾವು ನಿಲ್ಲಲಿಲ್ಲ. ಬಿದ್ದ ಸಸಿಯೊಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿದಾಗ ಬೇರಿನ ಬಳಿ ಕಪ್ಪು ತಲೆಯ, ಗಾಜಿನಂಥ ಮೈಯ ಹುಳು ಕಂಡಿತು: ನೊರಜಿನ ಮರಿ. ಅದು ಬೇರು ಕಡಿಯುತ್ತದೆ, ಕೊಳೆ ಆ ಗಾಯದಿಂದ ಒಳನುಗ್ಗುತ್ತದೆ.

ಹುಳು ಬಂದದ್ದು ಅಂಗಡಿಯಿಂದ ತಂದ 'ಕಳ್ಳಿ ಮಣ್ಣಿ'ನ ಚೀಲದಲ್ಲಿ. ಬಿಚ್ಚಿದರೆ ಮುಕ್ಕಾಲು ಪಾಲು ಪೀಟ್, ಅಂದರೆ ಜೌಗಿನ ಕೊಳೆತ ಪಾಚಿ! ಅದು ನೆನೆದರೆ ಆರುವುದಿಲ್ಲ, ಆರಿದರೆ ನೀರು ಕುಡಿಯುವುದಿಲ್ಲ. ಸುತ್ತಲೂ ಗ್ರಾನೈಟ್ ಮರಳೇ ತುಂಬಿರುವ ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ ಆ ಪಾಚಿಯನ್ನು ಮರುಭೂಮಿ ಗಿಡಕ್ಕೆಂದು ಮಾರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ದೂರಿದ್ದಕ್ಕೆ, 'ಮಣ್ಣು ಎಂದ ಮೇಲೆ ಹುಳು ಇರುತ್ತದೆ' ಎಂಬ ಉತ್ತರ ಬಂತು.

ಹೊಸ ತಟ್ಟೆಯಲ್ಲಿ ಪೀಟ್ ಇಲ್ಲವೇ ಇಲ್ಲ. ಜರಡಿ ಹಿಡಿದ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಮತ್ತು ಗ್ರಾನೈಟ್ ಮರಳು, ಅಷ್ಟೇ. ಮೊಳೆಯಲು ಬೆಳಕು ಬೇಕಾದ್ದರಿಂದ ಬೀಜವನ್ನು ಮೇಲೆಯೇ ಚೆಲ್ಲಿದೆ. ಸಸಿಗಳು ಎದ್ದು ನಿಂತ ಮೇಲೆ ಅವುಗಳ ನಡುವೆ ದಪ್ಪ ಮರಳನ್ನು ಚಮಚದ ತುದಿಯಿಂದ ಇಳಿಬಿಟ್ಟೆ. ನೀರನ್ನು ತಳದಿಂದ ಮಾತ್ರ ಕುಡಿಸುತ್ತೇನೆ. ಮೇಲ್ಪದರ ಒಣಗಿದ್ದರೆ ನೊರಜಿಗೆ ಮೊಟ್ಟೆಯಿಡಲು ತಾವಿಲ್ಲ. ಸೊಳ್ಳೆ ಮರಿಗಳನ್ನು ಕೊಲ್ಲಲು ಬಳಸುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆಯನ್ನು ಆ ನೀರಿನಲ್ಲಿ ನೆನೆಸುತ್ತೇನೆ. ಉಳಿದ ಮರಿಗಳು ಅದನ್ನು ತಿಂದು ಸಾಯುತ್ತವೆ. ಆಮೇಲೆ ಒಂದು ಸಸಿಯೂ ಬಿದ್ದಿಲ್ಲ.

ಕಾಡಿನಲ್ಲಿ ಪಾಲೊ ವರ್ಡೆ ಮರ ಕೊಡುವ ಆಸರೆಯನ್ನು ಇಲ್ಲಿ ನೆರಳು ಬಲೆ ಕೊಡುತ್ತಿದೆ. ಸವಾರೊ ರಾಷ್ಟ್ರೀಯ ಉದ್ಯಾನದ ಲೆಕ್ಕದಂತೆ ಮೊದಲ 8 ವರ್ಷಗಳಲ್ಲಿ ಬೆಳವಣಿಗೆ ಒಂದರಿಂದ ಒಂದೂವರೆ ಅಂಗುಲ. ಹೂವಿಗೆ ಸುಮಾರು 35 ವರ್ಷ. ಆದರೂ ಇವನ್ನು ಬೇಗ ಬೆಳೆಯುವ ಬೇರೆ ಕಳ್ಳಿಗೆ ಕಸಿ ಕಟ್ಟಿ ಓಡಿಸುವ ಮನಸ್ಸು ನನಗಿಲ್ಲ. ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಒಡಮ್ ಜನರು ಸತ್ತ ಸವಾರೊದ ಒಳಗಿನ ಮರದಂಥ ಪಕ್ಕೆಲುಬಿನ ಉದ್ದ ಕೋಲಿನಿಂದ ಹಣ್ಣು ಕೆಡವಿ, ತಿರುಳು ಕಾಯಿಸಿ ಪಾಕ ಮಾಡುತ್ತಾರೆ. ಅಂಥ ಮರ ತನ್ನ ಬೇರಿನ ಮೇಲೆಯೇ ನಿಲ್ಲಬೇಕು.

ಕಸಿಯ ಆಸೆಯನ್ನು ಆರ್ಗನ್ ಪೈಪ್ ಕಳ್ಳಿಯಲ್ಲಿ ತೀರಿಸಿಕೊಳ್ಳುತ್ತೇನೆ. ಅದರ ಹಣ್ಣೂ ಬಲು ಸಿಹಿ. ಕಸಿಗೆ ಬುಡವಾಗುವ ಪೆರೆಸ್ಕಿಯಾಪ್ಸಿಸ್ ಕಳ್ಳಿಯ ಕಡ್ಡಿಗಳು ಬೇರು ಬಿಟ್ಟಿವೆ, ಬ್ಲೇಡು ಸಿದ್ಧವಿದೆ. ಬೀಜದ ಪೊಟ್ಟಣ ಮಾತ್ರ ಇನ್ನೂ ಅಂಚೆಯಲ್ಲಿದೆ.