ಜೇನಿನ ಕೆಲಸ ನಾವು ಮಾಡಿದ ವರ್ಷ

2003ರ ಆಸುಪಾಸು. ನಮ್ಮ ಶಿರಸಿ ಕಡೆ ಎಲ್ಲರ ಅಡಿಕೆ ತೋಟದಲ್ಲೂ ವೆನಿಲ್ಲಾ ಬಳ್ಳಿ ಹಬ್ಬಿದ್ದ ಕಾಲ. ಬೆಳಗಾದರೆ ಸಾಕು, ಅಮ್ಮ, ಚಿಕ್ಕಮ್ಮ, ನಾನು ಒಂದೊಂದು ಹಿಡಿಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದೆವು. ವೆನಿಲ್ಲಾ ಹೂವಿನಲ್ಲಿ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ತೆಳುವಾದ ಒಂದು ಪರದೆ ಇರುತ್ತದೆ. ಅದನ್ನು ಕಡ್ಡಿಯಿಂದ ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಒಂದು ಹೂವಿಗೆ ಒಂದೇ ಕಾಯಿ. ಹೂ ಅರಳುವುದು ಒಂದೇ ಬೆಳಿಗ್ಗೆ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಹಾಗಾಗಿ ನೆಂಟರ ಮನೆಯಲ್ಲಿ ಮದುವೆ ಇದ್ದರೂ ಒಬ್ಬರು ತೋಟದಲ್ಲಿ ಉಳಿಯಲೇಬೇಕಿತ್ತು.

ವೆನಿಲ್ಲಾ ಮೂಲತಃ ಮೆಕ್ಸಿಕೋ ಕಡೆಯದು. ಅಲ್ಲಿನ ಕಾಡಿನ ಜೇನುಜಾತಿಯ ಹುಳಗಳು ಈ ಕೆಲಸ ಮಾಡುತ್ತವೆ. ಬಳ್ಳಿ ಬೇರೆ ದೇಶಗಳಿಗೆ ಹೋಯಿತು, ಹುಳ ಹೋಗಲಿಲ್ಲ. ಹೂ ಬಿಟ್ಟರೂ ಕಾಯಿ ಇಲ್ಲ! 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಹುಡುಗ ಕಡ್ಡಿಯಿಂದ ಸುಲಭವಾಗಿ ಕಾಯಿ ಕಟ್ಟಿಸುವ ದಾರಿ ಕಂಡುಕೊಂಡ. ಆ ಹುಡುಗನ ಉಪಾಯವೇ ನಮ್ಮ ತೋಟದವರೆಗೂ ಬಂದಿತ್ತು.

ಬೆನ್ನು ನೋಯುವಷ್ಟು ಹೊತ್ತು ಬಗ್ಗಿ ನಾವು ನೂರು ಹೂ ಮುಗಿಸುವಷ್ಟರಲ್ಲಿ ಪಕ್ಕದ ಏಲಕ್ಕಿ ಹಿಂಡಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಸದ್ದಿಲ್ಲದೆ ಎಷ್ಟೋ ಹೂ ಮುಗಿಸಿರುತ್ತಿತ್ತು. ಏಲಕ್ಕಿ ಹೂವೂ ಒಂದೇ ದಿನದ್ದು. ಅದಕ್ಕೂ ತಾನಾಗಿ ಕಾಯಿ ಕಟ್ಟಲು ಬರುವುದಿಲ್ಲ. ಆದರೆ ಆ ಜೇನಿಗೆ ಕೂಲಿ ಕೊಟ್ಟವರು ಯಾರೂ ಇಲ್ಲ, ಅಲ್ವಾ? ಅದರ ಕೆಲಸದ ಬೆಲೆ ನನಗೆ ಅರ್ಥವಾದದ್ದು ವೆನಿಲ್ಲಾದಿಂದ.

ಜೇನಿಲ್ಲದಿದ್ದರೆ ಊಟವೇ ಇಲ್ಲ ಎನ್ನುತ್ತಾರೆ ಕೆಲವರು. ಅಷ್ಟು ದೂರ ಹೋಗಬೇಕಿಲ್ಲ. ಭತ್ತಕ್ಕೆ ಜೇನು ಬೇಡ, ಅಡಿಕೆಗೂ ಹೆಚ್ಚಾಗಿ ಗಾಳಿಯೇ ಸಾಕು. ಆದರೆ ಅನ್ನದ ಜೊತೆ ಏನು ಹಾಕಿಕೊಳ್ಳುತ್ತೀರಿ? ಕುಂಬಳ, ಸೌತೆ, ಹೀರೆ, ಹಾಗಲ ಇವಕ್ಕೆಲ್ಲ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹುಳ ಬರದಿದ್ದರೆ ಎಳೆಮಿಡಿ ಹಳದಿಯಾಗಿ ಉದುರುತ್ತದೆ. ಪರಾಗ ಕಡಿಮೆ ಬಿದ್ದರೆ ಸೌತೆಕಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊರಗಿ ವಕ್ರವಾಗುವುದೂ ಉಂಟು. ಗೊಬ್ಬರ ಸಾಲಲಿಲ್ಲ ಎಂದು ನಾವು ಸುಮ್ನೆ ಇನ್ನಷ್ಟು ಗೊಬ್ಬರ ಹಾಕುತ್ತೇವೆ. ಕೊಡಗು, ಚಿಕ್ಕಮಗಳೂರಿನವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರಬೇಕು, ಯಾಕೆಂದರೆ ಅರೇಬಿಕಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟಿಕೊಳ್ಳುತ್ತದೆ, ರೋಬಸ್ಟಾಕ್ಕೆ ಮಾತ್ರ ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದ ಮೇಲೆ ಹೂ ಅರಳಿ ನಿಲ್ಲುವ ಆ ಎರಡು ಮೂರು ದಿನ ಹೆಜ್ಜೇನು ತೋಟಕ್ಕೆ ಬಂದರೆ ಭಾಗ್ಯ.

ಬದನೆ ಹೂವಿನದು ಇನ್ನೊಂದು ಕಥೆ. ಅದರ ಪರಾಗ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ಹಿಡಿದು ಗುಂಯ್ ಎಂದು ಮೈ ನಡುಗಿಸಿದಾಗ ಅದು ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಅದಕ್ಕೇ ಬರೀ ಪೆಟ್ಟಿಗೆ ಇಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ, ದುಂಬಿ ಗೂಡು ಮಾಡುವ ಒಣ ಮರದ ತುಂಡೂ ಇರಲಿ, ಗೋಡೆ ಸಂದಿಯಲ್ಲಿರುವ, ಚುಚ್ಚದ ಪುಟ್ಟ ಮಿಸರಿ ಜೇನೂ ಇರಲಿ.

90ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ನಮ್ಮ ಕಡೆಯ ತುಡುವೆ ಕುಟುಂಬಗಳು ಸಾಲುಸಾಲಾಗಿ ಸತ್ತವು. ಮರಿಹುಳಗಳು ನೀರು ತುಂಬಿದ ಚೀಲದಂತೆ ಆಗುತ್ತಿದ್ದವು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಜೇನು ನಿಧಾನಕ್ಕೆ ಚೇತರಿಸಿಕೊಂಡಿತು. ಈಗಿನ ತೊಂದರೆ ನಾವೇ ಮಾಡಿಕೊಂಡಿದ್ದು. ಅಡಿಕೆ ಬುಡಕ್ಕೆ ಕಳೆನಾಶಕ ಹೊಡೆದು ನಾಚಿಕೆಮುಳ್ಳನ್ನು ಸುಟ್ಟುಬಿಡುತ್ತೇವೆ. ಕಾಲಿಗೆ ಚುಚ್ಚುವ ಆ ಗಿಡದ ಗುಲಾಬಿ ಬಣ್ಣದ ಹೂವಿನಿಂದ ಜೇನು ತನ್ನ ಮರಿಗಳಿಗೆ ಪರಾಗ ಒಯ್ಯುತ್ತದೆ. ನಾನು ಈಗ ಕತ್ತಿಯಲ್ಲಿ ಸವರುತ್ತೇನೆ, ತೋಟದ ಅಂಚಿನಲ್ಲಿ ಒಂದಷ್ಟು ಹಾಗೇ ಬಿಡುತ್ತೇನೆ. ಕೆಲಸ ಜಾಸ್ತಿ, ಹೌದು.

ತರಕಾರಿಗೆ ಔಷಧಿ ಹೊಡೆಯಲೇಬೇಕಾದರೆ ದಯವಿಟ್ಟು ಸಂಜೆ ಹೊಡೆಯಿರಿ. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಜೇನು ಗೂಡು ಸೇರಿರುತ್ತದೆ.