ಕ್ವಾರಂಟೈನ್ ದಿನಗಳ ಪಗಾರದ ಲೆಕ್ಕ

ಕೊರೊನಾ ಕಾಲದ ಹೋಂ ಐಸೋಲೇಷನ್ ನಿಯಮ ಎಲ್ಲರಿಗೂ ಒಂದೇ ಇತ್ತು. ಆ ದಿನಗಳ ಪಗಾರ ಮಾತ್ರ ಕಾಗದಪತ್ರ ಇದ್ದವರಿಗೆ. 2020ರ ಜುಲೈನಲ್ಲಿ ಲಕ್ಷಣ ಕಂಡಲ್ಲಿಂದ 17 ದಿನ, 2021ರ ಏಪ್ರಿಲ್ ಕೊನೆಗೆ 10 ದಿನ, 2022ರ ಜನವರಿಯಲ್ಲಿ 7 ದಿನ ಅಂತ ಅವಧಿ ಇಳಿಯುತ್ತ ಬಂತು. ಬಳ್ಳಾರಿಯಲ್ಲಿ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯೋರಿಗೆ ಏಳು ದಿನವೂ ಸಣ್ಣದಲ್ಲ. ಮಷಿನ್ ನಿಂತರೆ ಆ ವಾರದ ಬಟವಾಡೆ ಸೊನ್ನೆ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಕಾಯಿಲೆ ರಜೆಗೆ ದಿನದ ಸರಾಸರಿ ಕೂಲಿಯ ಶೇ. 70 ಸಿಗುತ್ತದೆ, ಮೊದಲ ಎರಡು ದಿನ ಬಿಟ್ಟು. ದಿನಕ್ಕೆ 400 ರೂಪಾಯಿ ಇದ್ದರೆ 280. ಹತ್ತು ದಿನ ಮನೆಯಲ್ಲಿ ಕೂತರೆ ಎಂಟು ದಿನಕ್ಕೆ 2,240, ಕಳೆದುಕೊಂಡದ್ದು 4,000. ಇಷ್ಟಕ್ಕೂ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ನೆರವಿಗೆ ಬರುವುದು ಮುಂದಿನ ಜನವರಿಯಿಂದ ಜೂನ್‌ಗೆ. ಹೊಸದಾಗಿ ಸೇರಿದವರು ಒಂಬತ್ತು ತಿಂಗಳು ಕಾಯಬೇಕು. ಹತ್ತು ಜನರೂ ಇಲ್ಲದ ಜಾಬ್‌ವರ್ಕ್ ಘಟಕಗಳಲ್ಲಿ ಇಎಸ್‌ಐ ಮಾತೇ ಇರಲಿಲ್ಲ.

ಪ್ರಾಥಮಿಕ ಸಂಪರ್ಕಿತರ, ಅಂದರೆ ಸೋಂಕಿತರ ಹತ್ತಿರ ಇದ್ದವರ ಗತಿ ಇನ್ನೂ ಕಷ್ಟ. ಇಎಸ್‌ಐ ದುಡ್ಡು ಬರುವುದು ವೈದ್ಯರು ಕೊಡುವ ಕಾಯಿಲೆಯ ಪ್ರಮಾಣಪತ್ರಕ್ಕೆ, ಬಾಗಿಲಿಗೆ ಅಂಟಿಸಿದ ಕ್ವಾರಂಟೈನ್ ಚೀಟಿಗಲ್ಲ. ಲಾಕ್‌ಡೌನ್‌ನಲ್ಲಿ ಪಗಾರ ಕಡಿತ ಮಾಡಬೇಡಿ ಎಂದು ಕೇಂದ್ರ 2020ರ ಮಾರ್ಚ್ 29ರಂದು ಆದೇಶಿಸಿತ್ತು. ಮೇ 18ರಿಂದ ಅದೂ ಹೋಯಿತು.

ಮನೆಯೊಳಗಿನ ಪಾಡು ಬೇರೆ. ಗಾಳಿಯಾಡುವ ಪ್ರತ್ಯೇಕ ಕೋಣೆ ಬೇಕು, ಶೌಚಾಲಯ ಬೇರೆಯಿದ್ದರೆ ಒಳ್ಳೆಯದು ಎನ್ನುತ್ತಿತ್ತು ಮಾರ್ಗಸೂಚಿ. ರಾಯಚೂರಿನ ಮೇ ಬಿಸಿಲಿಗೆ ತಗಡಿನ ಮನೆಯಲ್ಲಿ ಒಂದು ಕೋಣೆಯನ್ನು ಒಬ್ಬರಿಗೇ ಬಿಟ್ಟರೆ ಉಳಿದ ನಾಲ್ಕೈದು ಜನ ಒಲೆ ಪಕ್ಕವೇ ಮಲಗಬೇಕು.

ಪಿಎಫ್ (ಭವಿಷ್ಯ ನಿಧಿ) ಇದ್ದವರಿಗೆ ಆಗ ಕೋವಿಡ್ ಮುಂಗಡ ಇತ್ತು (ಈಗಿಲ್ಲ): ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ಖಾತೆಯ ಶೇ. 75, ಇವೆರಡರಲ್ಲಿ ಕಡಿಮೆ ಯಾವುದೋ ಅದು. ತಿಂಗಳಿಗೆ 9,000, ಖಾತೆಯಲ್ಲಿ 40,000 ಇದ್ದರೆ ಕೈಗೆ 27,000. ಅರ್ಜಿ ಕೆಡುತ್ತಿದ್ದುದು ಸಣ್ಣ ವಿಷಯಕ್ಕೇ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ. ಇಲ್ಲವೇ ಹಳೇ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್): ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿದ ಮೇಲೆ ಅದರ ಕೋಡ್‌ಗಳು 2021ರ ಜುಲೈ 1ರಿಂದ ನಡೆಯಲಿಲ್ಲ. ಹೊಸದನ್ನು ಹಾಕಿ ಮಾಲೀಕರ ಒಪ್ಪಿಗೆ ಬರುವ ಹೊತ್ತಿಗೆ ಐಸೋಲೇಷನ್ನೇ ಮುಗಿದಿರುತ್ತಿತ್ತು.

ಏನೂ ಇಲ್ಲದವರಿಗೆ ರಾಜ್ಯ ಸರ್ಕಾರದ ಆನ್‌ಲೈನ್ ಅರ್ಜಿ ತಾಣ ಸೇವಾ ಸಿಂಧು. 2021ರ ಮೇ ಪ್ಯಾಕೇಜಿನಲ್ಲಿ ಆಟೋ ಚಾಲಕರಿಗೆ 3,000, ಟೈಲರ್‌ಗಳಿಗೆ 2,000, ಒಂದೇ ಸಲ. ಕಿರಾಣಿ ಅಂಗಡಿಯ ಉದ್ರಿ ತೀರಿಸುವುದಕ್ಕೆ ಸರಿಹೋಗುವಷ್ಟು.

ಸಾಲದ ಕಂತಿನ ವಿನಾಯಿತಿಯನ್ನು ಬಹಳ ಜನ ಮನ್ನಾ ಅಂದುಕೊಂಡರು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೆ ಹೋಯಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಬೈಕ್ ಸಾಲ 50,000 ಬಾಕಿ, ತಿಂಗಳಿಗೆ ಶೇ. 1 ಬಡ್ಡಿ ಅಂದರೆ ಆರು ತಿಂಗಳಿಗೆ ಸುಮಾರು 3,076 ರೂಪಾಯಿ ಏರುತ್ತದೆ. ಆಮೇಲೆ ಸರ್ಕಾರ ತುಂಬಿಕೊಟ್ಟದ್ದು ಚಕ್ರಬಡ್ಡಿಗೂ ಸರಳಬಡ್ಡಿಗೂ ಇರುವ ವ್ಯತ್ಯಾಸವನ್ನಷ್ಟೇ. ಈ ಸಾಲದಲ್ಲಿ ಅದು 76 ರೂಪಾಯಿ.